ಮೂರನೆಯ ಬೆಂಚು

ಜಮಖಂಡಿ
ಜನವರಿ, ಮೂರನೆಯ ಶನಿವಾರ

ಪ್ರೀತಿಯ ಯುವರಾಜ ಅಯ್ಯನವರಿಗೆ,

ಜಮಖಂಡಿಯಿಂದ ಕಾವೇರಿ ಅಕ್ಕೋರು ಮಾಡುವ ವಂದನೆಗಳು.

ವಯಸ್ಸಿನಲ್ಲಿ ನೀವು ನನ್ನ ಮಗಳಿಗಿಂತ ಎರಡು ವರ್ಷ ಸಣ್ಣವರು. ಆದರೂ ಪಾದ್ರಿಯ ಬಿಳಿ ನಿಲುವಂಗಿ ತೊಟ್ಟವರನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ, ಆದ್ದರಿಂದ ಅಯ್ಯನವರೇ ಅನ್ನುತ್ತೇನೆ. ಸಭೆಯ ಕಾರ್ಯದರ್ಶಿಯಾಗಿ ನಾನು ಬರೆದ ಇನ್ನೊಂದು ಕಾಗದ ಮೇಲಿನ ಕಚೇರಿ ಸುತ್ತಿ ಹುಬ್ಬಳ್ಳಿಯಲ್ಲಿ ನಿಮ್ಮ ಕೈ ಸೇರಲು ಹತ್ತು ದಿನವಾದರೂ ಬೇಕು. ಅದರಲ್ಲಿ ‘ಸಭೆಯು ತನ್ನ ಹಿಂದಿನ ತೀರ್ಮಾನವನ್ನು ಮರುಪರಿಶೀಲಿಸಿ’ ಅಂತೆಲ್ಲ ದೊಡ್ಡ ಮಾತುಗಳಿವೆ. ಅದಕ್ಕಿಂತ ಮೊದಲು ಇದನ್ನು ಓದಿ. ನವೆಂಬರಿನಲ್ಲಿ ನಮ್ಮ ಸಭೆ ನಿಮ್ಮನ್ನು ಬೇಡವೆಂದದ್ದಕ್ಕೆ ಕಾರಣ ಆ ಕಾಗದದಲ್ಲಿ ಇಲ್ಲ. ಕಾರಣ ನಾನು.

ಪರಮಾನಂದ ಅಯ್ಯನವರು ತೀರಿಕೊಂಡದ್ದು ಎರಡು ವರ್ಷದ ಹಿಂದೆ, ಈಸ್ಟರ್ ಆದ ವಾರ. ಹದಿನೆಂಟು ವರ್ಷ ನಮ್ಮನ್ನು ಕಾಯ್ದವರು. ಮಣ್ಣು ಮಾಡಿ ಬಂದ ಮರುದಿನವೇ ಕಾಶಪ್ಪನವರು ನಮ್ಮ ಮನೆಗೆ ಬಂದರು. ನೀವು ನೋಡಿದ್ದೀರಿ, ಸಭೆಯ ಹಿರಿಯರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಇಂಜಿನ್ನಿನ ಹಾಗೆ ಮನುಷ್ಯರನ್ನೂ ಸದ್ದು ಕೇಳಿಯೇ ತೂಗುವವರು. “ಅಕ್ಕೋರ, ಹೊಸಾ ಅಯ್ಯನವರು ಬರೂತನಕ ಒಂದ ನಾಕ ವಾರ ನೀವ ಓದಿ ಮುಗಸ್ರಿ. ನಿಮಗರ ಸಾಲ್ಯಾಗ ಓದಿ ರೂಢಿ ಐತಿ” ಅಂದರು. ಆ ನಾಲ್ಕು ವಾರ ಇವತ್ತಿಗೂ ಮುಗಿದಿಲ್ಲ.

ಓದುವುದಾದರೂ ಏನನ್ನು? ಅಯ್ಯನವರ ಹೆಂಡತಿ ತಾರವ್ವ ಅಮ್ಮನವರು ಸಭೆಯ ಬಂಗಲೆ ಬಿಟ್ಟು ಗದಗಿನ ತಂಗಿಯ ಮನೆಗೆ ಹೊರಟಾಗ ಹನ್ನೊಂದು ನೋಟ್‌ಬುಕ್ಕು ನನ್ನ ಕೈಗಿಟ್ಟರು. ಅಯ್ಯನವರು ಕೈಯಾರೆ ಬರೆದಿಟ್ಟ ಪ್ರಸಂಗಗಳು, ರವಿವಾರದ ಉಪದೇಶಗಳು. ವಾರಕ್ಕೊಂದರಂತೆ ಓದುತ್ತ ಹೋದೆ. ಅವರ ಅಕ್ಷರ, ನನ್ನ ದನಿ. ಹಣೆಯ ಬೆವರನ್ನು ಒರೆಸಿಕೊಳ್ಳಲು ಅವರು ಎಲ್ಲಿ ತಡೆಯುತ್ತಿದ್ದರೋ ಅಲ್ಲಿ ನಾನೂ ತಡೆಯುತ್ತಿದ್ದೆ. ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರಿಗೆ ನಾನು ಕಾಣುತ್ತಿರಲಿಲ್ಲ. ಕಾಣಬೇಕೆಂದು ನನಗೂ ಆಗ ಅನ್ನಿಸಿರಲಿಲ್ಲ.

ನಡುವೆ ಅಯ್ಯನವರುಗಳು ಬಂದು ನೋಡಿ ಹೋದರು. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ, ಮೇಲಿನವರು ಒಬ್ಬರನ್ನು ಒಂದು ರವಿವಾರಕ್ಕೆ ಕಳಿಸುತ್ತಾರೆ, ಕೇಳಿದ ಮೇಲೆ ನಾವು ಕೈ ಎತ್ತುತ್ತೇವೆ. ಮೊದಲು ಬಂದವರು ನಮ್ಮನ್ನು ಒಪ್ಪಲಿಲ್ಲ. ಎರಡನೆಯವರು ಏಪ್ರಿಲ್‌ನಲ್ಲಿ ಬಂದರು, ನಮ್ಮ ಬಿಸಿಲನ್ನು ಒಪ್ಪಲಿಲ್ಲ. ಮೂರನೆಯವರನ್ನು ನಾವು ಒಪ್ಪಲಿಲ್ಲ. ಅಷ್ಟರಲ್ಲಿ ಹೋದ ವರ್ಷದ ಜುಲೈ ಬಂತು, ನೋಟ್‌ಬುಕ್ಕುಗಳು ಮುಗಿದವು.

ಆಗಲೇ ಎದ್ದು ನಿಂತು ಮುಗಿಯಿತೆಂದು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕೊನೆಯ ಪ್ರಸಂಗದ ಕಡೆಯ ನಾಲ್ಕು ಹಾಳೆಗಳನ್ನು ಗೆದ್ದಲು ತಿಂದಿತ್ತು. ಅರ್ಧಕ್ಕೆ ನಿಲ್ಲಿಸುವುದು ಹೇಗೆಂದು ಉಳಿದದ್ದನ್ನು ನಾನೇ ಬರೆದು ಸೇರಿಸಿದೆ. ಆ ರವಿವಾರ, ಆಗಿನ್ನೂ ಆರಾಧನೆಗೆ ಬರುತ್ತಿದ್ದ ಮುದುಕಿ ಮುತ್ತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅದೂ ಸರಿಯಾಗಿ ಗೆದ್ದಲು ತಿಂದ ಜಾಗದಲ್ಲಿ. ಮುಂದಿನ ವಾರ ಇಡೀ ಪ್ರಸಂಗ ನನ್ನದೇ. ಆಮೇಲೆ ಪ್ರತಿ ವಾರವೂ. ಶನಿವಾರ ಹುನ್ನೂರಿನ ಶಾಲೆ ಬೆಳಗಿನ ಹೊತ್ತಷ್ಟೇ ಇರುತ್ತದೆ. ಮಧ್ಯಾಹ್ನ ಬಸ್ಸು ಹಿಡಿದು ಬಂದು, ತಣ್ಣಗಾದ ರೊಟ್ಟಿ ತಿಂದು ಬರೆಯಲು ಕೂಡುತ್ತಿದ್ದೆ. ಸಮೀರವಾಡಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ನನ್ನ ಮನೆಯವರು, ಸುಭಾಷ್, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದರು: “ಏನಂತಾರ ಈ ವಾರ ಪರಮಾನಂದ ಅಯ್ಯನವರು? ಸ್ವರ್ಗದಾಗೂ ಸೂಟಿ ಇಲ್ಲೇನ ಪಾಪ ಅವರಿಗೆ?” ಗುಟ್ಟು ಗೊತ್ತಿದ್ದದ್ದು ಅವರೊಬ್ಬರಿಗೇ.

ನೀವು ಬರುವುದಕ್ಕೆ ಒಂದು ವಾರ ಮೊದಲಿನ ಮಾತು. ಶಾಲೆಯಲ್ಲಿ ಇಬ್ಬರು ರಜೆ ಹಾಕಿದ್ದರು, ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಪಾಠ ಮಾಡಿದ್ದೆ. ಗುರುವಾರ ಸಾವಳಗಿಯಲ್ಲಿ ಒಂದು ಸಾವು. ಈಗ ನಮ್ಮನ್ನೂ ನೋಡಿಕೊಳ್ಳುವ ವಿಜಯಪುರದ ಅಯ್ಯನವರು ಬರುವುದು ತಡವಾಗುತ್ತದೆಂದು ಹೆಣದ ಪಕ್ಕ ಕೂತು ಮೂರು ತಾಸು ಹಾಡಿಸಿದ್ದೆ. ಶನಿವಾರ ಪೆನ್ನು ಹಿಡಿದರೆ ಬೇರೇನೂ ಬರಲೊಲ್ಲದು. ಅಡವಿಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು, ಇನ್ನು ಸಾಕು, ನನ್ನನ್ನು ಕರಕೊಂಡು ಬಿಡು ಎಂದು ದೇವರನ್ನು ಬೇಡಿದ ಪ್ರವಾದಿಯ ಕಥೆಯನ್ನು ಬರೆದೆ. ಗಿಡವನ್ನು ನಮ್ಮ ಕಡೆಯ ಜಾಲಿಗಿಡವೆಂದೇ ಬರೆದೆ. ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಅಷ್ಟೇ ಎಂದು ಬರೆದೆ. ಓದುವಾಗ ನನ್ನ ದನಿ ಎರಡು ಕಡೆ ಒಡೆಯಿತು. ಮುಗಿದ ಮೇಲೆ ಹೊರಗೆ ಬೇವಿನ ನೆರಳಲ್ಲಿ ಜನ ನಿಂತು ಮಾತಾಡುತ್ತಿದ್ದರು. “ನಮ್ಮ ಅಯ್ಯನವರು ಎಷ್ಟ ದಣದಿದ್ರು ನೋಡ್ರಿ. ನಮಗ ಒಂದ ದಿನಾ ಗೊತ್ತ ಆಗಲಿಲ್ಲಲ್ಲಾ” ಅಂದರು ಕಾಶಪ್ಪನವರು. ನಾನು ಅವರ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ. ಸತ್ತವರ ದಣಿವಿಗೆ ಎಲ್ಲರೂ ಮರುಗಿದರು. ನನಗೆ ಹಾಲ್‌ನ ಬೀಗ ಹಾಕಿಕೊಂಡು ಬರಲು ಹೇಳಿದರು.

ಮುಂದಿನ ವಾರ ನೀವು ಬಂದಿರಿ. ಕಬ್ಬಿನ ಟ್ರ್ಯಾಕ್ಟರುಗಳು ಮುಧೋಳ ರಸ್ತೆಯನ್ನು ಕಟ್ಟಿಹಾಕಿದ್ದರಿಂದ ಅರ್ಧ ಜನ ತಡವಾಗಿ ಬಂದರು. ಹನ್ನೆರಡು ನಿಮಿಷ ಮಾತಾಡಿದಿರಿ. ಗಡಿಯಾರ ನನ್ನ ಎದುರಿಗೇ ಇತ್ತು, ನಾನು ನೋಡಿದ್ದೇನೆ. ನಲವತ್ತು ನಿಮಿಷದ ರೂಢಿಯ ಜನ, ನೀವು ಆಮೆನ್ ಅಂದಾಗ ಇನ್ನೂ ಸರಿಯಾಗಿ ಕೂತೇ ಇರಲಿಲ್ಲ. ಆಮೇಲೆ ಚಹಾ ಕುಡಿಯುತ್ತ ನನ್ನನ್ನು ಒಂದು ಮಾತು ಕೇಳಿದಿರಿ, ನಿಮಗೆ ನೆನಪಿದೆಯೋ ಇಲ್ಲವೋ. “ಅಕ್ಕೋರ, ರವಿವಾರ ನೀವು ಯಾವ ಬೆಂಚಿನ ಮ್ಯಾಲ ಕುಂದರ್ತೀರಿ?” ಹೆಂಗಸರ ಸಾಲಿನಲ್ಲಿ ಮೂರನೆಯ ಬೆಂಚು, ಕಿಟಕಿಯ ಪಕ್ಕ, ಅದು ನನ್ನ ಜಾಗವಾಗಿತ್ತು. ಎರಡು ವರ್ಷದಿಂದ ನಾನು ಎಲ್ಲಿಯೂ ಕೂತಿರಲಿಲ್ಲ. ಕಪ್ಪು ತೊಳೆಯುವ ನೆಪ ಮಾಡಿ ಒಳಗೆ ಹೋದೆ.

ನೀವು ಬಸ್ಸು ಹತ್ತಿದ ಮೇಲೆ ಸಭೆ ಕೂಡಿತು. “ಹುಡುಗ ಛಲೋ ಅದಾನ್ರಿ, ಇಲ್ಲನ್ನಂಗಿಲ್ಲ. ಖರೆ ಮಾತಿನ್ಯಾಗ ದಮ್ ಇಲ್ಲ. ಹೋದ ವಾರ ನಮ್ಮ ಅಯ್ಯನವರದು ಕೇಳಿದ್ರಲ್ಲಾ, ಆ ಜಾಲಿಗಿಡದ ಮಾತು! ಅದರ ಮುಂದ ಇದೇನ್ರಿ?” ಅಂದರು ಕಾಶಪ್ಪನವರು. ಎಲ್ಲರೂ ತಲೆಯಾಡಿಸಿದರು. ನಿಮ್ಮ ಪರವಾಗಿ ಎದ್ದ ಕೈ ಒಂಬತ್ತು. ನನ್ನ ಕೈ ಏಳಲಿಲ್ಲ, ಕಾರ್ಯದರ್ಶಿ ಎಣಿಸುತ್ತಿದ್ದಾಳೆ ಅನ್ನುವ ನೆಪವಿತ್ತಲ್ಲ.

ಅಯ್ಯನವರೇ, ಈಗ ನಾಚಿಕೆ ಬಿಟ್ಟು ಹೇಳುತ್ತೇನೆ. ಆ ಗಳಿಗೆ ನನಗೆ ಸಂತೋಷವಾಯಿತು. ನಿಮ್ಮನ್ನು ಸೋಲಿಸಿದ್ದು ಪರಮಾನಂದ ಅಯ್ಯನವರಲ್ಲ, ನಾನು; ಅದು ಯಾರಿಗೂ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ಒಂದು ಹಾಡು ಗುನುಗಿದೆ. ಸಂಜೆ ನಿಮ್ಮಿಂದ ಎರಡು ಸಾಲು ಬಂತು ಫೋನಿಗೆ: ‘ಸಭೆಯ ಚಿತ್ತದಂತೆ ಆಗಲಿ. ಅಕ್ಕೋರ, ಚಹಾ ಛಲೋ ಇತ್ತು.’ ಅದನ್ನು ಓದಿದ ಮೇಲೆ ಹಾಡು ನಿಂತಿತು. ಅದುವರೆಗೆ ಯಾವ ರವಿವಾರವೂ ಯಾರೂ ನನ್ನ ಚಹಾದ ಬಗ್ಗೆ ಹೇಳಿರಲಿಲ್ಲ.

ಕ್ರಿಸ್‌ಮಸ್ ಆದ ಮೇಲೆ ಮುತ್ತವ್ವನನ್ನು ನೋಡಲು ಬನಹಟ್ಟಿಗೆ ಹೋದೆ. ಎಂಬತ್ನಾಲ್ಕು ವರ್ಷ, ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದಿಗೆ ಅವಳ ಮಂಚವೂ ಸಣ್ಣಗೆ ನಡುಗುತ್ತಿರುತ್ತದೆ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಐದಾರು ತಿಂಗಳಾಯಿತು. ವಿಜಯಪುರದ ಅಯ್ಯನವರಿಗೆ ಏಳು ಸಭೆ; ಪಾಪ, ನಮ್ಮಲ್ಲಿ ಆರಾಧನೆ ಮುಗಿಸಿ ಇನ್ನೊಂದು ಊರಿಗೆ ಓಡುತ್ತಾರೆ, ಬನಹಟ್ಟಿಯ ಓಣಿಯವರೆಗೆ ಬರಲು ಅವರಿಗೆ ಹೊತ್ತೆಲ್ಲಿದೆ? ನಾನು ಎಂದಿನಂತೆ ನೋಟ್‌ಬುಕ್ಕು ತೆಗೆದೆ. ಆಕೆ ಕೈಯಿಂದ ಅದನ್ನು ಸರಿಸಿದಳು. “ಓದಬ್ಯಾಡ ಬೇ. ಕೇಳಾಕ ತ್ರಾಣ ಇಲ್ಲ ನನಗ. ರೊಟ್ಟಿ ಕೊಡಾಕ ಬರತೈತೇನ ನಿನಗ?” ಬರುವುದಿಲ್ಲ ಅಂದೆ. ಅದಕ್ಕೆ ದೀಕ್ಷೆ ಆದವರೇ ಬೇಕು ಅಂದೆ. ಆಕೆ ಕೇಳಿದಳು: “ಆ ಹುಡುಗಯ್ಯ ಎಲ್ಲಿ ಹೋದ? ದೀಪಾವಳಿ ಆದಮ್ಯಾಲ ಬಂದಿದ್ನಲ್ಲಾ, ಮಣಕಾಲಿಗೆ ಎಣ್ಣಿ ತಿಕ್ಕಿ, ನನ್ನ ಕೈಯಾಗಿನ ರೊಟ್ಟಿ ತಿಂದು ಹ್ವಾದ. ಅಂವ ಬರೂದಿಲ್ಲೇನ?”

ನೀವು ಅಲ್ಲಿಗೆ ಹೋಗಿದ್ದಿರಿ ಅನ್ನುವುದು ಅವತ್ತೇ ನನಗೆ ಗೊತ್ತಾದದ್ದು. ಪರೀಕ್ಷೆಯ ಹಿಂದಿನ ದಿನ, ನಿಮ್ಮ ಹುಟ್ಟೂರು ಬೀಳಗಿಯಿಂದ ಹೊರಟವರು, ಯಾರೂ ಹೇಳದೆ, ಸಭೆಯ ಪಟ್ಟಿಯಲ್ಲಿ ಹಾಸಿಗೆ ಹಿಡಿದವರ ಹೆಸರು ನೋಡಿಕೊಂಡು ಬನಹಟ್ಟಿಗೆ ಹೋಗಿದ್ದಿರಿ. ಮರುದಿನ ಹನ್ನೆರಡು ನಿಮಿಷದಲ್ಲಿ ಅದರ ಒಂದು ಮಾತೂ ಎತ್ತಲಿಲ್ಲ. ನಾನಾಗಿದ್ದರೆ ಅದೊಂದರಲ್ಲೇ ಹತ್ತು ನಿಮಿಷ ತೆಗೆಯುತ್ತಿದ್ದೆ. ಆಕೆಗೆ ಏನು ಹೇಳಲಿ? “ಬರೂದಿಲ್ಲವ್ವಾ, ನಾನ ಬ್ಯಾಡ ಮಾಡೀನಿ” ಅನ್ನಲೇ? ಬಸ್ಸಿನಲ್ಲಿ ನಿಂತುಕೊಂಡೇ ಜಮಖಂಡಿಗೆ ಬಂದೆ. ಸೀಟು ಖಾಲಿಯಾದರೂ ಕೂಡಲು ಮನಸ್ಸಾಗಲಿಲ್ಲ.

ಹೋದ ರವಿವಾರ ಪುಸ್ತಕ ತೆರೆಯದೆ ಹೇಳಿಬಿಟ್ಟೆ. ಜುಲೈನಿಂದ ಸಭೆ ಕೇಳಿದ್ದು ಅಯ್ಯನವರದಲ್ಲ, ನನ್ನದು. ಜಾಲಿಗಿಡವೂ ನನ್ನದೇ. ಆ ಹುಡುಗನಿಗೆ ನಾವು ಅನ್ಯಾಯ ಮಾಡಿದೆವು. ಬೈಗುಳ ಬರುತ್ತದೆಂದು ಸಿದ್ಧಳಾಗಿ ನಿಂತಿದ್ದೆ. ಏನಾಯಿತು ಗೊತ್ತೇ? ಕಾಶಪ್ಪನವರ ಮುಖ ಅರಳಿತು. “ಹಂಗಾದ್ರ ಇನ್ನೂ ಛಲೋ ಆತಲ್ರೀ ಅಕ್ಕೋರ! ಮನ್ಯಾಗ ಇಟ್ಟಕೊಂಡು ಊರೆಲ್ಲಾ ಹುಡಿಕ್ಯಾಡಾಕತ್ತಿದ್ದಿವಿ. ಇನ್ನ ಅಯ್ಯನವರ ಯಾಕ ಬೇಕು, ನೀವ ನಡಸ್ರಿ.” ಸುತ್ತ ಎಲ್ಲರೂ ಹೌದು ಹೌದು ಅಂದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಮೂವತ್ತನಾಲ್ಕು ವರ್ಷ ಮಕ್ಕಳ ಮುಂದೆ ನಿಂತವಳು ನಾನು, ದನಿ ಏರಿಸಿದ್ದು ಕಡಿಮೆ. ಅವತ್ತು ಕೂಗಿದೆ, ಪ್ರಸಂಗ ಪೀಠದಿಂದಲೇ. “ನನಗ ಸಾಕಾಗೇತ್ರೀ! ಅಯ್ಯನವರು ದಣದಿದ್ರು ಅಂತ ಮರಗಿದ್ರಲ್ಲಾ, ದಣದಾಕಿ ನಾನು! ಮುತ್ತವ್ವಗ ನನ್ನ ಮಾತು ಬೇಕಾಗಿಲ್ಲ, ರೊಟ್ಟಿ ಬೇಕಾಗೇತಿ!” ಅಷ್ಟು ಹೇಳಿ ಕೆಳಗಿಳಿದು ಬಂದು ನನ್ನ ಬೆಂಚಿನ ಮೇಲೆ ಕೂತೆ. ಪೀಠ ಖಾಲಿಯಾಯಿತು. ಫ್ಯಾನ್ ತಿರುಗುತ್ತಿತ್ತು, ಹೊರಗೆ ಕಬ್ಬಿನ ಗಾಡಿಗಳು ಸಾಗುತ್ತಿದ್ದವು. ಬಹಳ ಹೊತ್ತಿನ ಮೇಲೆ ಕಾಶಪ್ಪನವರು ಎದ್ದರು. ಪೀಠ ಹತ್ತಲಿಲ್ಲ, ಕೆಳಗೇ ನಿಂತರು. ಖಾಲಿ ಪೀಠವನ್ನು ನೋಡಿದರು, ನನ್ನನ್ನು ನೋಡಿದರು. “ಆ ಬೀಳಗಿ ಹುಡುಗನ್ನ ಮತ್ತೊಮ್ಮಿ ಕೇಳೋಣೇನ್ರಿ?” ಅಂದರು. ಐವತ್ತಮೂರರಲ್ಲಿ ಮೂವತ್ತೊಂದು ಕೈ ಎದ್ದವು. ಈ ಸಲ ನನ್ನದೂ ಇತ್ತು. ಉಳಿದ ಇಪ್ಪತ್ತೆರಡು ಜನ ನಿಮ್ಮನ್ನು ಗಡಿಯಾರ ಹಿಡಿದೇ ಕೇಳುತ್ತಾರೆ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯಲಾರೆ. ಬಂಗಲೆಯ ಹಿಂಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಅನ್ನುವುದನ್ನೂ ನಿಮ್ಮ ಹೆಂಡತಿ ಅಕ್ಷತಾಗೆ ಮೊದಲೇ ಹೇಳಿಬಿಡಿ, ಆಮೇಲೆ ನನ್ನನ್ನು ಬೈದಾಳು.

ಇವತ್ತು ಶನಿವಾರ. ಮಧ್ಯಾಹ್ನ ಬಂದವಳಿಗೆ ಬರೆಯುವ ಕೆಲಸ ಇರಲಿಲ್ಲ. ನಾಳೆ ಬರೀ ಹಾಡು, ಪ್ರಾರ್ಥನೆ ಅಂತ ತೀರ್ಮಾನವಾಗಿದೆ. ಕೈ ಸುಮ್ಮನಿರಲಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಬರೆಯುವ ರುಚಿ ಹತ್ತಿತ್ತು ನನಗೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ರುಚಿಗಿಂತ ದಣಿವು ದೊಡ್ಡದು.

ನಿಮಗೆ ನೋವಾಗಿದ್ದರೆ ನಮ್ಮನ್ನು ಬೇಡವೆನ್ನಿ, ಆ ಹಕ್ಕು ನಿಮಗಿದೆ. ಮುತ್ತವ್ವನನ್ನು ಮಾತ್ರ ಬೇಡವೆನ್ನಬೇಡಿ. ಮೇಲಿನವರ ಆದೇಶ ಬರಲು ಏಪ್ರಿಲ್ ಆದೀತು, ಆಕೆ ಅಷ್ಟು ದಿನ ಇರುತ್ತಾಳೋ ಇಲ್ಲವೋ. ಈ ವಾರವೇ ಒಂದು ದಿನ ನಿಮ್ಮ ಭೋಜನದ ಸಣ್ಣ ಪೆಟ್ಟಿಗೆ ತೆಗೆದುಕೊಂಡು ನೆಟ್ಟಗೆ ಬನಹಟ್ಟಿಗೆ ಹೋಗಿ. ನಮ್ಮ ಹತ್ತಿರ ಬರದಿದ್ದರೂ ನಡೆಯುತ್ತದೆ.

ಬರುವುದಾದರೆ ಒಂದು ಕೋರಿಕೆ. ಯಾರೇನೇ ಅಂದರೂ ಹನ್ನೆರಡು ನಿಮಿಷವನ್ನು ನಲವತ್ತು ಮಾಡಬೇಡಿ. ಮೂರನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ ನಾನಿರುತ್ತೇನೆ. ನಿಮ್ಮ ಮಾತಿನ ನಡುವೆ ನನ್ನ ಕಣ್ಣು ಮುಚ್ಚಿದ್ದು ಕಂಡರೆ ಪ್ರಾರ್ಥನೆ ಮಾಡುತ್ತಿದ್ದಾಳೆ ಅಂದುಕೊಳ್ಳಬೇಡಿ. ನಿದ್ದೆ ಹತ್ತಿರುತ್ತದೆ. ಎಬ್ಬಿಸಬೇಡಿ.

ನಿಮ್ಮನ್ನೂ ಅಕ್ಷತಾಳನ್ನೂ ದೇವರು ತಣ್ಣಗೆ ಇಟ್ಟಿರಲಿ. ದಾರಿ ಸುಖವಾಗಲಿ.

ನಿಮ್ಮ ಬರವನ್ನು ಕಾಯುತ್ತಿರುವ,
ಕಾವೇರಿ