ಏಳು ಅಂಗಿ

ನಾರ್ತ್ ಪಾಯಿಂಟ್, ಹಾಂಗ್ ಕಾಂಗ್
3 ಅಕ್ಟೋಬರ್ 1993

ಪ್ರೀತಿಯ ಅಕ್ಕ,

ಟೊರೊಂಟೊದಲ್ಲಿ ಚಳಿ ಶುರುವಾಯಿತೇ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೈದುಬಿಡು. ಪಾಪುವಿಗೆ ಹಲ್ಲು ಬರುತ್ತಿದೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಅತ್ತೆ ಅವಳನ್ನು ಪಾರ್ಕಿಗೆ ಎತ್ತಿಕೊಂಡು ಹೋಗಿದ್ದಾರೆ, ಬರುವಷ್ಟರಲ್ಲಿ ಮುಗಿಸಬೇಕು.

ಪಾಪುವಿನ ಅಪ್ಪ ಸಿಯು-ಹಂಗ್ ಮುಂದಿನ ವಾರ ಮತ್ತೆ ಬೀಜಿಂಗಿಗೆ. ಬ್ರಿಟಿಷರ ಕಡೆಯ ದುಭಾಷಿಯಾಗಿ ಏಪ್ರಿಲಿನಿಂದ ಹೋಗಿ ಬರುತ್ತಲೇ ಇದ್ದಾನೆ. ತೊಂಬತ್ತೈದರ ಚುನಾವಣೆಯಲ್ಲಿ ಯಾರಿಗೆ ವೋಟು, ಗೆದ್ದವರು ತೊಂಬತ್ತೇಳರಲ್ಲಿ ಊರು ಚೀನಾದ ಕೈಸೇರಿದ ಮೇಲೂ ಕೂತಿರಬಹುದೇ ಅನ್ನುವುದಕ್ಕೇ ಚೀನಾದವರೊಂದಿಗೆ ಇಷ್ಟು ಸುತ್ತು ಮಾತುಕತೆ. ಪ್ರತಿ ಸಲ ಹೊರಬಂದು, "ಮಾತುಕತೆ ಉಪಯುಕ್ತವಾಗಿತ್ತು" ಅನ್ನುತ್ತಾರೆ. ಅತ್ತೆ ಟಿವಿಗೇ ಬೈಯುತ್ತಾರೆ: "ಮನೆ ಬಿಡೋನೂ ಬರೋನೂ ಬಾಗಿಲಲ್ಲಿ ನಿಂತು ಜಗಳ ಆಡ್ತಾರೆ. ಒಳಗಿರೋರನ್ನ ಗಂಜಿ ಕುಡಿದ್ರಾ ಅಂತಾನೂ ಕೇಳಲ್ಲ!"

ಕಳೆದ ತಿಂಗಳ ಸುದ್ದಿ ನಿನಗೂ ತಲುಪಿರುತ್ತದೆ. ಯಾವಾಗಲೂ ಎರಡು ಅಂಗಿ ಒಯ್ಯುವ ನಿಯೋಗದವರೊಬ್ಬರು ಈ ಸಲ ಐದು ಹೊಲಿಸಿದ್ದಾರೆ, ಮಾತುಕತೆ ಲಂಬಿಸಲಿದೆ, ಒಪ್ಪಂದ ಹತ್ತಿರ ಅಂತ ಇಲ್ಲಿಯ ಪತ್ರಿಕೆಯಲ್ಲಿ ಬಂತು. ಷೇರು ಪೇಟೆ ಏರಿತು, ಎರಡು ದಿನಕ್ಕೆ ಬಿತ್ತು. ಮೇಲಧಿಕಾರಿ ಇವನನ್ನು ಕರೆಸಿ, "ನಿಮ್ಮ ದರ್ಜಿ ಯಾರು, ಮಿಸ್ಟರ್ ಲೌ?" ಎಂದು ನಗುತ್ತಲೇ ಕೇಳಿದನಂತೆ. ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತದೆ, ನಮ್ಮ ಮೂವರ ಬ್ರಿಟಿಷ್ ಪಾಸ್‌ಪೋರ್ಟಿನ ಆಸೆಯೂ.

"ದರ್ಜಿಗೆ ನಾನ್ಯಾರು ಅಂತಾನೇ ಗೊತ್ತಿಲ್ಲ. ನೀನು ಯಾರ ಹತ್ರ ಹೇಳ್ದೆ?" ಎಂದು ಮನೆಗೆ ಬಂದು ನನ್ನನ್ನು ಕೇಳಿದ.

"ಯಾರ ಹತ್ರಾನೂ ಇಲ್ಲ" ಅಂದೆ.

ಬೀಜಿಂಗಿನ ಹೋಟೆಲಿನಲ್ಲಿ ಗೋಡೆಗೂ ಕಿವಿಯಿದೆಯೆಂದು ನಲ್ಲಿ ಬಿಟ್ಟುಕೊಂಡು ಮಾತಾಡುತ್ತಾರಂತೆ. ಈಗ ಮನೆಯಲ್ಲೂ ಫೋನ್ ಬಂದರೆ, ತಂತಿ ಎಳೆದುಕೊಂಡು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸುತ್ತಾನೆ. ಮೊನ್ನೆ ನಾನು ಪಕ್ಕದಲ್ಲೇ ಮೀನು ಹಸನು ಮಾಡುತ್ತಿದ್ದೆ. "ಇಲ್ಲಿ ಯಾರು ಕದ್ದು ಕೇಳ್ತಾರೆ ಮಾರಾಯ?" ಅಂದೆ. ಅವನು ನನ್ನನ್ನೇ ನೋಡಿ, ನಲ್ಲಿಯನ್ನು ಇನ್ನೂ ಜೋರು ಮಾಡಿದ.

ಹಾಂ, ಈ ಸಲ ಏಳು ಅಂಗಿ ಹೊಲಿಸಿದ್ದಾನೆ. ಏಳು!

ಭಾವ ಅಲ್ಲಿಂದಲೇ ಇಲ್ಲಿಯ ಪತ್ರಿಕೆಗೆ ಬರೆಯುತ್ತಿದ್ದಾರೆ ತಾನೇ? ಅವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮನೆ ಬೆಚ್ಚಗಿರಲಿ, ಮಕ್ಕಳಿಗೆ ಕೆಮ್ಮು ನೆಗಡಿ ತಾಗದಿರಲಿ.

ನಿನ್ನ ತಂಗಿ,
ಯುಕ್-ಲಿನ್

ವಿ.ಸೂ.: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಏಳು ಅಂಗಿ ಸುಳ್ಳು. ಎಷ್ಟು ಒಯ್ಯುತ್ತಾನೋ ನನಗೆ ಗೊತ್ತಿಲ್ಲ, ಈಗ ಪೆಟ್ಟಿಗೆ ತಾನೇ ತುಂಬಿ ಬೀಗ ಹಾಕುತ್ತಾನೆ. ಐದರ ಮಾತನ್ನು ನಿನಗೊಬ್ಬಳಿಗೇ ಬರೆದಿದ್ದೆ, ಅಕ್ಕ. ಏಳು ಅಂತ ಪತ್ರಿಕೆಯಲ್ಲಿ ಬರುತ್ತದೋ ನೋಡೋಣ ಅಂತ ನಿನಗೇ ಗಾಳ ಹಾಕಿದೆ. ದಿನಾ ಜಡೆ ಹೆಣೆದು ನನ್ನನ್ನು ಶಾಲೆಗೆ ಕಳಿಸಿದವಳಿಗೆ. ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದೆ. ಅವನಿಗೆ ನಿನ್ನ ಹೆಸರು ಹೇಳಿಲ್ಲ, ಹೇಳುವುದೂ ಇಲ್ಲ. ಭಾವ ಕೇಳಿದರೆಂದು ನೀನೇ ಹೇಳಿದೆಯಾ, ಇಲ್ಲಾ ಪತ್ರ ಮೇಜಿನ ಮೇಲೆ ಮರೆತಿದ್ದೆಯಾ? ಮರೆತಿದ್ದೆ ಅಂತ ಬರೆ. ನಂಬುತ್ತೇನೆ.