ಗ್ವಾಡಿ ಕಡಿ ನಾಕು ಕಲ್ಲು

9 ನವೆಂಬರ್ 2024, ಶನಿವಾರ. ದೀವ್ ದ್ವೀಪ

ಇವತ್ತ ಅರ್ಧ ಹಾಲಿಗೆ ನೆಲದ ಕಲ್ಲು ಹಾಕಿದ್ದಾತು. ಇನ್ನಾ ಅರ್ಧ ಹಾಲ್, ಸಮುದ್ರದ ಕಡಿ ಖೋಲಿ, ವರಾಂಡಾ. ಹದಿನೈದು ದಿನದ ಕೆಲಸ. ಮುಗಿಸಿ ತಾಂಡೂರಿಗಿ ಹೋಗಿ ಎರಡು ದಿನ ಬರೇ ಮಲ್ಕೊಳ್ಳೋದು.

ಕೈ ಸೀಳ್ಯಾದ. ಈ ಉಪ್ಪಿನ ಗಾಳಿಗೆ ಗಾಯ ಮಾಯಂಗಿಲ್ಲ. ಎತ್ತ ನೋಡಿದ್ರೂ ನೀರು, ಕುಡಿಯಾಕ ಮಾತ್ರ ಟ್ಯಾಂಕರ್ ಕಾಯ್ಬೇಕು. ಮಂದಿ ಇಲ್ಲಿ ಮಜಾ ಮಾಡಾಕ ಬರ್ತಾರ. ಬೀಚಿನ್ಯಾಗ ಅಂಗಿ ಬಿಚ್ಚಿ ಬಿಸಲಿಗೆ ಬೀಳ್ತಾರ. ಬಿಸಲೇ ಬೇಕಾಗಿದ್ರ ನಮ್ಮ ಕಲ್ಲಿನ ಖಣಿಗೆ ಬಂದ್ರ ಸಾಕಾಗಿತ್ತಲ್ಲ, ಪುಕ್ಕಟೆ.

ಬಂಗ್ಲೆ ಪೋರ್ತುಗೀಜರ ಕಾಲದ್ದು. ಈಗ ಹೋಟೆಲ್ ಮಾಡಾಕತ್ತಾರ. ಹಳೆ ನೆಲ ಕಿತ್ತಿ, ಮೊರಮು ತುಂಬಿ, ಮ್ಯಾಲೆ ನಮ್ಮ ತಾಂಡೂರ ಪರಸಿ ಕಲ್ಲು. ಲಾರಿಯಾಗ ಕಲ್ಲು ಬಂತು, ರೈಲಿನ್ಯಾಗ ನಾನು ಆತ್ಮಾರಾಮ ಬಂದಿವಿ. ಕಲ್ಲಿಗೇ ಸೀಟು ಆರಾಮಿತ್ತು.

ಅಗಿವಾಗ ಕಬ್ಬಿಣದ ಗುಂಡು ಸಿಕ್ತು. ತೋಪಿಂದು, ಬೇಲದ ಹಣ್ಣಿನಷ್ಟದ. ಆತ್ಮಾರಾಮ ಎದಿಗಿ ಅವಚಿಕೊಂಡು ಕುಣದಾ. "ಅಣ್ಣಾ, ಎಲ್ಲಾರೂ ಹೆಂಡ್ತಿಗಿ ಶಂಖ ಒಯ್ತಾರ. ನಾ ನಾರಾಯಣಖೇಡಕ್ಕ ತೋಪಿನ ಗುಂಡು ಒಯ್ತೀನಿ. ದೇವಿಕಾ ಒದರಿದ್ರ ಇದನ್ನ ತೋರಸ್ತೀನಿ."

ಇಪ್ಪತ್ತೊಂದು ವರ್ಷ ಜೋಡಿಲೆ ಕೆಲಸ. ಇನ್ನಾ ಹುಚ್ಚನಂಗೇ ಅದಾನ. ಎಡಚ. ನಂದು ಬಲಗೈ, ಅವಂದು ಎಡಗೈ. ಬಾಜೂ ಕುಂತು ಕಲ್ಲು ಹಾಕಿದ್ರ ಮೊಣಕೈಗೆ ಮೊಣಕೈ ತಾಕಂಗಿಲ್ಲ. ತಾಂಡೂರಾಗ ನಮ್ಮಂಥ ಜೋಡಿ ಇನ್ನೊಂದಿಲ್ಲ.

10 ನವೆಂಬರ್, ರವಿವಾರ

ಪ್ರೇಮಕುಮಾರ ಇವತ್ತ ಸಿಮೆಂಟ್ ಮಾಲು ಹೊರೋ ಕೂಲ್ಯವಂಗ ಕಪಾಳಕ್ಕ ಬಾರಿಸಿದ. ಬುಟ್ಟಿ ಜಾರ್ತು, ಅಷ್ಟೇ. ಕಿವ್ಯಾಗಿಂದ ರಕ್ತ ಬಂತು. ನಾವೆಲ್ಲಾ ಕೆಳಗ ನೋಡ್ಕೊಂಡು ಕೆಲಸ ಮಾಡಿದಿವಿ. ನಾನೂ.

ಇಂವ ನಮ್ಮ ಜಹೀರಾಬಾದಿನಂವ. ಹತ್ತು ವರ್ಷದ ಹಿಂದ ನಮ್ಮಂಗೇ ಪರಸಿ ಹಾಕ್ತಿದ್ದ. ಈಗ ಸೂಪರ್ವೈಜರ್, ಬುಲೆಟ್ ಗಾಡಿ, ಕಪ್ಪು ಕನ್ನಡಕ. ನಮ್ಮ ಮಾತೇ ಆಡ್ತಾನ, ಊರಿನಂವ ಅಂತ ನಂಬಿ ಬಂದೆ. ಊರಿನ ನಾಯಿ ಅಂತ ಕಚ್ಚೋದು ಬಿಡ್ತದೇನು?

ಬಂಗ್ಲೆ ಅಂಗಳದಾಗ ಮೀನಿನ ಮುದುಕಿ ಒಬ್ಬಾಕಿ ಬೊಂಬಿಲ್ ಮೀನು ಒಣಗಸ್ತಾಳ. ಆಕಿ ಅತ್ತಿ ಕಾಲದಿಂದ ಅಲ್ಲೇ ಒಣಗಸ್ತಾರಂತ. ಆತ್ಮಾರಾಮ ಆಕಿಗಿ ಆಯಿ ಅಂತಾನ, ಆಕಿ ಕೊಟ್ಟ ಮೀನು ತಿಂತಾನ. ನಾ ಮೂಗು ಮುಚ್ಚಿಕೊಂಡು, ಲಿಂಗಪೂಜಿ ಮಾಡ್ಕೊಂಡು, ಒಣ ರೊಟ್ಟಿ ಹಿಂಡಿ ತಿಂತೀನಿ. "ಅಣ್ಣಾ, ನಿಮ್ಮ ಶಿವಗ ನಾತ ಬಡೀತದೇನು?" ಅಂತಾನ, ಬದ್ಮಾಶ್.

ಮುದುಕಿ ಹರಕು ಹಿಂದ್ಯಾಗ ಹೇಳಿದ್ಳು. ಅರವತ್ತೊಂದರಾಗ ಪೋರ್ತುಗೀಜರನ್ನ ಓಡಸಾಕ ಇಂಡಿಯಾ ವಿಮಾನ ಬಂದು ಬಾಂಬ್ ಹಾಕಿದಾಗ ಆಕಿ ಮೂರು ವರ್ಷದಾಕಿ. ಅವ್ವ ಮೀನಿನ ಬುಟ್ಟಿ ಕೆಳಗ ಮುಚ್ಚಿಟ್ಟಿದ್ಳಂತ. ನಮ್ಮಪ್ಪನೂ ರಜಾಕಾರರ ಕಾಲಕ್ಕ ಜೋಳದ ಹಗೇವಿನ್ಯಾಗ ಎರಡು ದಿನ ಕುಂತಿದ್ದ. ಎಲ್ಲಿ ಹೋದ್ರೂ ಬಡವರು ಅಡಗೋದೇ.

12 ನವೆಂಬರ್, ಮಂಗಳವಾರ

ಹೊಡ್ದೆ. ಆತ್ಮಾರಾಮಗ. ಎಲ್ಲಾರ ಮುಂದ.

ಇಲ್ಲಿ ದಾರು ಅಗ್ಗ. ರಾತ್ರಿ ಕುಡ್ದು ಮುಂಜಾನಿ ಕಣ್ಣು ಕೆಂಪು ಮಾಡ್ಕೊಂಡು ಬಂದ. ಅಂವ ಹಾಕಿದ ಮೂರು ಕಲ್ಲು ಸುತ್ತಿಗಿಲೆ ಬಡದು ನೋಡ್ದೆ. ಠಕ್ ಅಂದ್ರ ಗಟ್ಟಿ, ಡಬ್ ಅಂದ್ರ ಟೊಳ್ಳು. ಮೂರೂ ಡಬ್. ಕೆಳಗ ಮಾಲೇ ತುಂಬಿಲ್ಲ. ಇಪ್ಪತ್ತೊಂದು ವರ್ಷ ಆದವಂಗ ಇದೂ ನಾ ಹೇಳ್ಬೇಕೇನು!

"ಕೀಳಲೇ" ಅಂದೆ. ನಕ್ಕ. "ಬಿಡ್ರಿ ಅಣ್ಣಾ. ಹೋಟೆಲಿಗಿ ಬರೋರು ನೆಲಾ ಬಡದು ನೋಡ್ತಾರೇನು?"

ಕೈ ತಾನೇ ಎದ್ದಿತು. ತುಟಿ ಒಡೀತು. ಹಲ್ಲಿಗೆಲ್ಲಾ ರಕ್ತ. ಕೂಲಿ ಹೆಣ್ಮಕ್ಕಳು ಬುಟ್ಟಿ ಹಿಡ್ಕೊಂಡು ಹಂಗೇ ನಿಂತ್ರು. ಪ್ರೇಮಕುಮಾರ ಬಾಗಲಾಗ ನಿಂತು ಚಪ್ಪಾಳಿ ಹೊಡ್ದ.

ಆತ್ಮಾರಾಮ ನನ್ನ ನೋಡ್ದ. ತಿರುಗಿ ಕೈ ಎತ್ತಿದ್ರ ಆಗಿತ್ತು, ನನಕಿಂತ ಗಟ್ಟಿ ಅದಾನ. ಎತ್ತಲಿಲ್ಲ. ತುಟಿ ಒರಸ್ಕೊಂಡು ಕುಂತು ಮೂರೂ ಕಲ್ಲು ಕಿತ್ತಿ ಮತ್ತ ಹಾಕ್ದ.  ಈ ದ್ವೀಪದಾಗ ನಂಗ ಮನಸು ಬಿಚ್ಚಿ ಕನ್ನಡ ಮಾತಾಡಾಕ ಇರೋನೇ ಅಂವ. ತಪ್ಪಾತು ಅನ್ಬೇಕಿತ್ತು. ಅನ್ನಲಿಲ್ಲ. ನನ್ನ ಗುಸ್ಸಾ ಸುಡ್ಲಿ.

13 ನವೆಂಬರ್, ಬುಧವಾರ. ಮಧ್ಯಾಹ್ನ 4

ಕೆಲಸ ಬಿಟ್ಟು ಬಂದು ಕುಂತೀನಿ. ಆಗಿದ್ದು ಬರೀತೀನಿ.

ಊಟ ಆದ ಮ್ಯಾಲೆ ಪ್ರೇಮಕುಮಾರ ಅಂಗಳಕ್ಕ ಬಂದ. "ಮಾಲಕರು ಶುಕ್ರವಾರ ಬರ್ತಾರ, ಈ ನಾತ ಇವತ್ತೇ ಹೋಗ್ಬೇಕು" ಅಂದ. ಮುದುಕಿ ಕೈ ಮುಗಿದ್ಳು, ಎರಡು ದಿನ ಅಂದ್ಳು. ಮೀನು ಒಣಹಾಕಿದ ಬಿದಿರಿನ ಅಟ್ಟ ಒದ್ದು ಕೆಡವಿದ. ಆಕಿ ಬಗ್ಗಿ ಮೀನು ಆರಿಸಾಕ ಹೋದ್ಳು. ಬೂಟಿನ ಕಾಲು ಆಕಿ ಕೈ ಮ್ಯಾಲೆ ಇಟ್ಟು ತಿರುವಿದ. ಬೆರಳು ಮುರಿದ ಸಪ್ಪಳ ನಂಗ ಹಾಲಿನ್ಯಾಗ ಕೇಳ್ತು.

ನನ್ನ ಕೈಯಾಗ ಲೆವೆಲ್ ಪಟ್ಟಿ ಇತ್ತು. ಐದು ಫೂಟಿಂದು, ಅಲ್ಯೂಮಿನಿಯಂ. ಹಿಡ್ಕೊಂಡು ನಿಂತಿದ್ದೆ. ನಿಂತೇ ಇದ್ದೆ, ಥೂ!

ಆತ್ಮಾರಾಮ ಓಡಿದ. ಪ್ರೇಮಕುಮಾರನ ಕೊರಳಪಟ್ಟಿ ಹಿಡದು ಮಣ್ಣಿಗೆ ಕೆಡವಿ ಎದಿ ಮ್ಯಾಲೆ ಕುಂತ. ಎಡಗೈಲೆ ಒಂದು, ಎರಡು, ಮೂರು. ಕನ್ನಡಕ ಪುಡಿ. ಮೂಗು ಒಡದು ಅಂಗಿ ತುಂಬ ರಕ್ತ. ಬಾಯಾಗ ಒಂದು ಹಸಿ ಬೊಂಬಿಲ್ ತುರುಕಿ "ನುಂಗಲೇ, ನುಂಗು" ಅಂದ. ಕೂಲಿ ಮಂದಿ ಸೀಟಿ ಹೊಡದ್ರು. ನಾಕು ಮಂದಿ ಹಿಡದು ಎಳದ್ರು, ಆಗ ಬಿಟ್ಟ.

ಪ್ರೇಮಕುಮಾರ ಮಣ್ಣು ಜಾಡಿಸ್ಕೊಂಡು ಮೆಲ್ಲಕ ಅಂದ: "ಊರಿಗೆ ಜಿಂದಾ ಹೋಗ್ತೀಯೇನೋ, ನೋಡಮು."

ಬೇಷ್ ಮಾಡ್ದಿ ತಮ್ಮಾ ಅನ್ಬೇಕಿತ್ತು. ಅಂವ ನನ್ನ ಕಡಿ ನೋಡಿದ್ದ ಸೈತ. ನಿನ್ನಿ ಹೊಡದ ಮಾರಿ ಹೊತ್ಕೊಂಡು ಹೆಂಗ ಅನ್ನಲಿ? ಮುಖ ತಿರುವಿದೆ.

ಸಮುದ್ರದ ದಂಡಿಗೆ ಶಿವನ ಗುಡಿ ಅದಂತ, ನೀರಿನ್ಯಾಗ ಐದು ಲಿಂಗ. ನಮಗ ಕೊರಳಾಗಿನ ಲಿಂಗ ಸಾಕು. ಆದ್ರೂ ಹೋಗಿ ಬರ್ತೀನಿ. ಇಲ್ಲಿ ಕುಂತು ಅವನ ಮಾರಿ ನೋಡಾಕ ಆಗವಲ್ದು.

14 ನವೆಂಬರ್, ಗುರುವಾರ

ಆತ್ಮಾರಾಮ ಇಲ್ಲ.

ನಿನ್ನಿ ನಾ ಗುಡಿಯಿಂದ ಬಂದಾಗ ಕತ್ತಲಾಗಿತ್ತು. ಚಾದರ ಖಾಲಿ ಇತ್ತು. ಕುಡಿಯಾಕ ಹೋಗ್ಯಾನ ಅಂತ ಮಲ್ಕೊಂಡೆ. ಮುಂಜಾನಿ ನೋಡಿದ್ರ ಚೀಲಾನೂ ಇಲ್ಲ, ಗುಂಡೂ ಇಲ್ಲ.

ಪ್ರೇಮಕುಮಾರ ಮೂಗಿಗಿ ಪಟ್ಟಿ ಹಚ್ಕೊಂಡು ಬಂದ. "ಊರಿಗೆ ಹೋಗ್ತೀನಿ ಅಂತ ಸಂಜಿ ಆರಕ್ಕ ಊನಾ ಬಸ್ಸು ಹತ್ತಿದ. ಮನ್ಮಥಪ್ಪನ ಜೋಡಿ ಇನ್ನ ಮಾಡಂಗಿಲ್ಲ, ಎಲ್ಲಾರ ಮುಂದ ಹೊಡ್ದಾನ ಅಂದ. ನಾನೂ ಬಿಟ್ಟೆ. ಆಗಿದ್ದು ಆತು."

ಫೋನ್ ಸ್ವಿಚ್ ಆಫ್.

ಸಮುದ್ರದ ಕಡಿ ಖೋಲ್ಯಾಗ ಗ್ವಾಡಿ ಕಡಿ ನಾಕು ಕಲ್ಲು ಹಾಕಿ ಹೋಗ್ಯಾನ. ಬಡದೆ. ಡಬ್ ಡಬ್ ಡಬ್ ಡಬ್. ನಾಕೂ ಟೊಳ್ಳು. ನಂಗ ಉರಸಾಕೇ ಮಾಡ್ಯಾನ, ಮಗನ. ಟೊಳ್ಳು ಕಲ್ಲಿಗೆ ಹೊಡದ್ರಿ ಅಲ್ಲ, ಇಕೋ ಟೊಳ್ಳು ಕಲ್ಲು ತಗೋರಿ ಅಂತ.

ಕಬ್ಬಿಣದ ಹಾರಿ ತಂದೆ. ಎತ್ತಾಕ ಬಗ್ಗಿದೆ. ಆಗ್ಲಿಲ್ಲ. ನನ್ನ ಹೊಡತಕ್ಕ ಅಂವ ಕೊಟ್ಟ ಜವಾಬು ಅದು. ಇರ್ಲಿ. ನಂಗ ಕಲ್ಲಿನ ಕೆಲಸ ಹೇಳಿಕೊಟ್ಟ ಉಸ್ತಾದ್ ಕಲಿಸಿದ್ದು ಒಂದೇ ಮಾತು, ಟೊಳ್ಳು ಕಂಡ್ರ ಕೀಳು ಅಂತ. ಅದನ್ನ ಇವತ್ತ ಮೊದಲ ಸಲ ಮೀರಿದೆ. ಆ ನಾಕರ ಬಾಜೂಕಿಂದ ಕಲ್ಲು ಹಾಕ್ತಾ ಬಂದೆ.

15 ನವೆಂಬರ್, ಶುಕ್ರವಾರ

ಪ್ರೇಮಕುಮಾರಗ ಬುದ್ಧಿ ಬಂದಂಗದ. ಮುದುಕಿಗಿ ತಾನೇ ಹೇಳಿ ಕಳ್ಸಿದ, ಅಂಗಳದಾಗ ಒಣಗಸು ಅಂತ. ಮಾಲಕರು ಬರೋದು ಮುಂದ ಹೋಗ್ಯಾದಂತ. ಮ್ಯಾಲಿಂದ ತಾನೇ ಎರಡು ಬುಟ್ಟಿ ಹಸಿ ಮೀನು ತಗೊಂಡು ಸಮುದ್ರದ ಖೋಲಿ ಕಿಡಕಿ ಕೆಳಗ ಹರವಿಸಿದ. ಮುದುಕಿ ಮುರಿದ ಕೈಗೆ ಕಟ್ಟಿಗಿ ಕಟ್ಕೊಂಡು ಬಂದಾಳ. ನಗ್ಲಿಲ್ಲ. "ತೇರಾ ಭಾಯಿ ಕಹಾಂ?" ಅಂತ ಕೇಳಿದ್ಳು. ಊರಿಗೆ ಅಂದೆ.

17 ನವೆಂಬರ್, ರವಿವಾರ

ದೇವಿಕಾ ಫೋನ್. "ಅಣ್ಣಾರಿ, ಅವರ ಫೋನ್ ಯಾಕ ಹತ್ತವಲ್ದು?"

"ಊರಿಗೆ ಬಂದಿಲ್ಲೇನವ್ವಾ?"

"ಊರಿಗ್ಯಾ? ನಿಮ್ಮ ಜೋಡಿ ಅದಾರಲ್ರಿ?"

ಬುಧವಾರ ಬಿಟ್ಟಂವ ಶುಕ್ರವಾರ, ಭಾಳಂದ್ರ ಶನಿವಾರ ಮುಟ್ಟಬೇಕಿತ್ತು. ಹೊಡದಿದ್ದು ಹೇಳ್ದೆ.  ಆಕಿ ಅಂದ್ಳು: "ನಿಮ್ಮ ಕೈಲೆ ಹೊಡಿಸ್ಕೊಂಡು ಎಲ್ಲಿ ಹೋಗಿ ಬಿದ್ದಾರೋ. ಹುಡಕಿ ಕೊಡ್ರಿ. ನೀವೇ ಕರ್ಕೊಂಡು ಹೋಗೀರಿ, ನೀವೇ ತಂದು ಕೊಡ್ರಿ."

ಖರೆ ಅದ.

ಪೊಲೀಸರ ಕಡಿ ಹೋಗ್ತೀನಿ ಅಂದೆ. ಪ್ರೇಮಕುಮಾರ ತಡದ. "ನಿನ್ನ ಹಿಂದಿ ಅವರಿಗಿ ತಿಳಿಯಂಗಿಲ್ಲ. ಮ್ಯಾಲೆ ಅವನ್ನ ಹೊಡದಂವ ನೀನೇ. ನಾ ಬರಸಿ ಬರ್ತೀನಿ" ಅಂತ ಬುಲೆಟ್ ಹತ್ತಿ ಹೋದ. ತಾಸಿನ್ಯಾಗ ಬಂದು ಬರಸೀನಿ ಅಂದ.

ಮಂಗಲಾಗ ಫೋನ್ ಮಾಡ್ದೆ. ಹೆಂಡ್ತಿ ಆದ್ರೂ ಆಕೀನೂ ಬೈದ್ಳು. "ನಿಮ್ಮ ಕೈ ಒಂದಿನ ಯಾರನ್ನರ ನುಂಗ್ತದ ಅಂತ ಹೇಳಿದ್ನಿಲ್ಲೇನು?"

19 ನವೆಂಬರ್, ಮಂಗಳವಾರ

ಎರಡು ದಿನ ಬಸ್ ಸ್ಟ್ಯಾಂಡು, ದಾರು ಅಂಗಡಿ, ಬೋಟು ನಿಲ್ಲೋ ಕಟ್ಟಿ ಎಲ್ಲಾ ತಿರಗಿದೆ. ಫೋಟೋ ತೋರಿಸ್ದೆ. ಕಂಡಿಲ್ಲ, ಕಂಡಿಲ್ಲ.

ಒಬ್ಬ ಕುಡುಕ "ಓಡಿ ಹೋಗ್ಯಾನ, ಬಿಡು" ಅಂತ ನಕ್ಕ. ಅವನ ಮಾರಿಗಿ ಗುದ್ದಿದೆ. ಮೂರು ಮಂದಿ ಸೇರಿ ನನ್ನ ಮರಳಾಗ ಹಾಕಿ ತುಳದ್ರು. ಪಕ್ಕಿ ಎಲಬು ಮುರದಿರಬೇಕು. ಬಡೀರಿ ಅನಸ್ತು. ಯಾರಾರ ನಂಗ ಬಡಿಬೇಕಿತ್ತು.

ಸಮುದ್ರದ ಖೋಲ್ಯಾಗ ಕುಂತು ರೊಟ್ಟಿ ತಿಂದೆ, ಆ ನಾಕು ಕಲ್ಲಿನ ಮ್ಯಾಲೆ. ಅವನ ಕೈಯಾಗಿಂದು ಇಲ್ಲಿ ಉಳದಿದ್ದು ಅದೊಂದೇ. ಮೀನಿನ ನಾತ ಇವತ್ತ ದಿನದಕಿಂತ ಭಾಳ ಅದ. ಅರ್ಧ ರೊಟ್ಟಿ ಕಾಗಿಗೆ ಒಗದೆ.

20 ನವೆಂಬರ್, ಬುಧವಾರ. ಮುಂಜಾನಿ 9

ಬರದಿಡಬೇಕು. ಮುಂದ ಯಾರು ಕೇಳಿದ್ರೂ ಇದು ಇರ್ಲಿ.

ಏಳಕ್ಕ ಸಮುದ್ರದ ಖೋಲಿ ತೊಳಿಯಾಕ ಕುಂತೆ. ಧೂಳು ಹೋತು. ಕಿಡಕಿ ಬಿಸಲು ಆ ನಾಕು ಕಲ್ಲಿನ ಮ್ಯಾಲೆ ಅಡ್ಡ ಬಿತ್ತು. ಸಂದ್ಯಾಗ ಸಿಮೆಂಟ್ ತುಂಬಿ ಕರಣಿ ಎಳದ ಗೆರಿ ಕಂಡ್ವು. ಪ್ರತಿ ಗೆರಿ ಮುಗಿಯೋ ಬಾಲ ಬಲಕ್ಕ.

ಎಡಚ ಎಳದ್ರ ಬಾಲ ಎಡಕ್ಕ ಬೀಳ್ತದ. ಇಪ್ಪತ್ತೊಂದು ವರ್ಷ ಅವನ ಬಾಲ ಎಡಕ್ಕ, ನಂದು ಬಲಕ್ಕ. ಆ ಮೂಲಿ ನಾ ಮುಟ್ಟೇ ಇಲ್ಲ. ಆತ್ಮಾರಾಮ ಹಾಕಿದ ಕಲ್ಲಲ್ಲ ಅವು. ಇಲ್ಲಿ ಪರಸಿ ಹಾಕಾಕ ಬರೋ ಬಲಗೈಯಂವ ನನ್ನ ಬಿಟ್ರ ಇನ್ನೊಬ್ಬನೇ ಅದಾನ, ಆ ಜಹೀರಾಬಾದಿನಂವ.

ಹಾರಿ ಹಾಕಿ ಎತ್ತಿದೆ. ಒಂದು. ಎರಡು.

ಕೆಳಗ ಆತ್ಮಾರಾಮನ್ನ ಕಾಲು ಮಡಚಿ ತುರುಕ್ಯಾನ. ಕುಂತಂಗದ. ನಮ್ಮವರನ್ನ ಹಿಂಗ ಕುಂದ್ರಿಸಿ ಮಣ್ಣು ಮಾಡ್ತಾರ, ಅವರವರನ್ನ ಸುಡ್ತಾರ. ಅವಂಗ ಬೆಂಕಿನೂ ಸಿಗ್ಲಿಲ್ಲ. ತಲಿ ಹಿಂದಗಡೆ ಒಡದು ಒಳಗ ಹೋಗ್ಯಾದ. ಮಡಲಾಗ ಗುಂಡು ಇಟ್ಟಾನ, ಅದಕ್ಕ ಕೂದಲ ಹತ್ಯಾವ. ದೇವಿಕಾಗ ಒಯ್ತೀನಿ ಅಂದಿದ್ದು. ಒಡದ ತುಟಿ ಹಂಗೇ ಅದ. ಅದು ನಾ ಒಡದಿದ್ದು.

ಆರು ದಿನ ಇದರ ಮ್ಯಾಲೆ ತಿರಗಾಡೀನಿ. ಕುಂತು ರೊಟ್ಟಿ ತಿಂದೀನಿ. ಅವನಿಗೇ ಬೈದೀನಿ. ಅಂವ ಡಬ್ ಡಬ್ ಅಂತ ಹೇಳೇ ಹೇಳಿದ್ದ. ನಾನೇ ಕೀಳಲಿಲ್ಲ. ಪ್ರೇಮಕುಮಾರ ಕಿಡಕಿ ಕೆಳಗ ಮೀನು ಯಾಕ ಹರವಿಸಿದ ಅಂತ ಈಗ ತಿಳೀತು.

 ಒದರಿದೆ. ಮುದುಕಿ ಓಡಿ ಬಂದು ನೋಡಿದ್ಳು. ಮುರಿದ ಕೈಲೇ ಎದಿ ಎದಿ ಬಡ್ಕೊಂಡ್ಳು. ಸೆರಗು ತಗದು ಅವನ ಮಾರಿ ಮುಚ್ಚಿದ್ಳು. ಆಕಿ ಮಗ ಪೊಲೀಸ್ರನ್ನ ಕರಿಯಾಕ ಹೋಗ್ಯಾನ.

9.15

ದೇವಿಕಾ ಫೋನ್. ಎತ್ತಬಾರ್ದಿತ್ತು.

"ಅಣ್ಣಾರಿ, ಸಿಕ್ರೇನ್ರಿ?"

"ಸಿಕ್ಕಾನವ್ವಾ" ಅಂದೆ.

ಅಳಾಕತ್ಳು, ಖುಷಿಲೆ. "ಅಂಬಾಭವಾನಿ ಕಣ್ಣು ತೆರದ್ಳು ನೋಡ್ರಿ. ಕೊಡ್ರಿ ಅವರ ಕೈಯಾಗ" ಅಂದ್ಳು.  ಕಟ್ ಮಾಡ್ದೆ. ಫೋನ್ ಮತ್ತ ಬಡ್ಕೊಳ್ಳಾಕತ್ತದ. ಬಡ್ಕೊಳ್ಳಾಕತ್ತದ.

9.25

ಪ್ರೇಮಕುಮಾರ ಒಂಬತ್ತೂವರೀಗೆ ಬರ್ತಾನ, ದಿನಾ. ಕಲ್ಲು ಎತ್ತಿದ ತಗ್ಗಿನ ಮ್ಯಾಲೆ ಗೋಣಿತಟ್ಟು ಹಾಸೀನಿ. ಬಾಗಲಿಗೆ ಮಾರಿ ಮಾಡಿ ಕುಂತೀನಿ. ಮುದುಕೀನ ಮನಿಗೆ ಕಳ್ಸೀನಿ. "ಮತ್ ಮಾರ್, ಬೇಟಾ" ಅಂತ ಕೈ ಹಿಡದ್ಳು. ಬಿಡಿಸ್ಕೊಂಡೆ.

ಕೊರಳಾಗಿನ ಲಿಂಗ ತಗದು ಮಂಗಲಾ ಕೊಟ್ಟ ವಸ್ತ್ರದಾಗ ಕಟ್ಟಿ ಚೀಲದಾಗ ಇಟ್ಟೆ. ಅದರ ಮುಂದ ಆಗಬಾರ್ದು.

ಪೊಲೀಸ್ ಜೀಪು ಮೊದಲ ಬಂದ್ರ ಇಂವ ಬದುಕ್ದ. ನಾನೂ ಬದುಕ್ದೆ, ದೇವಿಕಾ ಮುಂದ ಹೋಗಿ ನಿಂದ್ರತೀನಿ, ಕಾಲು ಹಿಡೀತೀನಿ. ಬುಲೆಟ್ ಮೊದಲ ಬಂದ್ರ, ಸುತ್ತಿಗಿ ಎಡಗೈಯಾಗ ಹಿಡದೀನಿ. ನನ್ನ ಬಲಗೈ ಆತ್ಮಾರಾಮನ ತುಟಿ ಒಡದದ, ಅದು ಬ್ಯಾಡ.

ದೂರ ಏನೋ ಸಪ್ಪಳ. ಅಲೆಯೋ, ಗಾಡಿಯೋ. ಕಲ್ಲಿಗೆ ಕಿವಿ ಕೊಟ್ಟಂಗ ಕೇಳಾಕತ್ತೀನಿ.

ಗಾಡೀನೇ.

ಡಗ್ ಡಗ್ ಡಗ್. ಬುಲೆಟ್.

ಮಂಗಲಾ, ನೀ