ಏಳನೇ ಕಾಲಮ್ಮಿನ ‘ಶಾಶ್ವತ’

ಮಾನ್ಯ ತೆರಿಗೆ ಅಧಿಕಾರಿಗಳೇ,

ನನ್ನ ಗಂಡನನ್ನು ನೀವು ಎಂಟು ತಿಂಗಳು ಮೊದಲೇ ವಿದೇಶದಿಂದ ಊರಿಗೆ ಕರೆಸಿಕೊಂಡಿದ್ದೀರಿ, ಕಾಗದದ ಮೇಲೆ. ಅಂಥ ಶಕ್ತಿ ನಿಮಗಿದೆ ಎಂದು ಗೊತ್ತಿದ್ದರೆ ನಾನು ಆ ಎಂಟು ತಿಂಗಳು ಫೋನಿಗೆ ಮುತ್ತು ಕೊಡುತ್ತ ಕೂರುತ್ತಿದ್ದೆನೇ? ನೇರ ನಿಮ್ಮ ಕಚೇರಿಗೇ ಬಂದು ಕಾಲಿಗೆ ಬೀಳುತ್ತಿದ್ದೆ!

ಆದದ್ದಿಷ್ಟು. ನನ್ನವನು ಹೊರದೇಶದಲ್ಲಿ ಒಂಬತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಹನ್ನೆರಡು ದಿನದ ರಜೆ ಹಾಕಿ ಬಂದು ನನ್ನನ್ನು ಮದುವೆಯಾದ. ಮಾರನೇ ದಿನವೇ, ಕೈಯ ಮೆಹಂದಿ ಇನ್ನೂ ಕೆಂಪಾಗಿರುವಾಗಲೇ, ಅವನ ತೆರಿಗೆ ದಾಖಲೆಯಲ್ಲಿ ನನ್ನ ಹೆಸರು ಸೇರಿಸಲು ನಿಮ್ಮ ಫಾರಂ ತುಂಬಿದೆವು. ತುಂಬಿದವಳು ನಾನು. ಆರನೇ ಕಾಲಮ್ಮಿನಲ್ಲಿ ‘ಪತ್ನಿಯ ಹೆಸರು’. ಅದರ ಕೆಳಗೇ ಏಳನೆಯದು: ‘ಸಂಬಂಧದ ಸ್ವರೂಪ: ತಾತ್ಕಾಲಿಕ / ಶಾಶ್ವತ’. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಸ್ವಾಮಿ, ಕಚೇರಿ ಕನ್ನಡ ನನಗೆ ದೂರದ ನೆಂಟ. ಆದರೂ ‘ಶಾಶ್ವತ’ ಎಂದರೇನೆಂದು ಗೊತ್ತು! ಎದೆ ತುಂಬಿ ಟಿಕ್ ಹಾಕಿದೆ. ಸಾಲದೆಂದು ಪಕ್ಕದಲ್ಲೊಂದು ಪುಟ್ಟ ಹೃದಯವನ್ನೂ ಬಿಡಿಸಿದೆ. ನಿಮ್ಮ ಕಡತದಲ್ಲಿ ಅದು ಇನ್ನೂ ಇರಬೇಕು.

ಅವನು ಮರಳಿ ಹೋಗಿ, ಎಂಟು ತಿಂಗಳು ದುಡಿದು, ಕೆಲಸ ಬಿಟ್ಟು ಈಗ ಬಂದಿದ್ದಾನೆ. ಬಂದ ವಾರಕ್ಕೇ ತೆರಿಗೆ ಬಾಕಿ ಎಂದು ನಿಮ್ಮ ನೋಟಿಸು. ಅದನ್ನು ಹಿಡಿದು ಇಬ್ಬರೂ ನಿಮ್ಮ ಕಚೇರಿಗೆ ಬಂದರೆ, ಕಿಟಕಿಯ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ ಬಿಡಿಸಿ ಹೇಳಿದರು: “ಸಂಬಂಧ ಅಂದ್ರೆ ನಿಮ್ಮಿಬ್ಬರದ್ದಲ್ಲಮ್ಮಾ, ಇವರಿಗೂ ದೇಶಕ್ಕೂ ಇರೋದು. ಶಾಶ್ವತ ಅಂದ್ರಿ, ಅವತ್ತಿಂದ್ಲೇ ಇಲ್ಲಿ ವಾಸ ಅಂತಾಯ್ತು.”

“ಅಲ್ಲಿ ಆಗಲೇ ತೆರಿಗೆ ಕಟ್ಟಿದೀನಲ್ಲ ಸಾರ್?” ಎಂದ ನನ್ನವನು.

“ಅಲ್ಲಿಂದು ಅಲ್ಲಿಗೆ, ಇಲ್ಲಿಂದು ಇಲ್ಲಿಗೆ.”

ಅಂದರೆ ಆ ಎಂಟು ತಿಂಗಳ ಸಂಬಳಕ್ಕೂ, ಅದರಿಂದ ನಿವೃತ್ತಿ ನಿಧಿಗೆ ಬಿದ್ದ ಹಣಕ್ಕೂ ಇಲ್ಲಿ ಮತ್ತೆ ತೆರಿಗೆ. ಅದನ್ನು ಕಟ್ಟಲು ಆ ನಿಧಿಯನ್ನೇ ಒಡೆಯಬೇಕು. ಅರವತ್ತಕ್ಕೆ ಮೊದಲು ಒಡೆದರೆ ಅದರ ಕಾಲು ಭಾಗ ದಂಡಕ್ಕೆ. ಒಂಬತ್ತು ವರ್ಷ ಊರವರನ್ನೆಲ್ಲ ಮೇಲಕ್ಕೆ ಹತ್ತಿಸಿ, ಕೆಟ್ಟು ನಿಂತ ಲಿಫ್ಟಿಗೆ ತಾನು ಮಾತ್ರ ಮೆಟ್ಟಿಲು ಹತ್ತಿ ಮೊಣಕಾಲು ಸವೆಸಿಕೊಂಡವನ ಮುಪ್ಪಿನ ದುಡ್ಡದು. ನನ್ನ ಒಂದು ಟಿಕ್ಕಿಗೆ ಇಷ್ಟು ಬೆಲೆಯೇ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನಬೇಡಿ. ಈ ಸಲ ನೆಲ ನಿಜವಾಗಿಯೂ ಡೊಂಕೇ! ಹೆಂಡತಿಯ ಹೆಸರಿನ ಕೆಳಗೇ ‘ಸಂಬಂಧ’ ಎಂದು ಕೇಳಿದರೆ ಯಾರಿಗೆ ದೇಶ ನೆನಪಾಗುತ್ತದೆ? ನಮ್ಮತ್ತೆಯಂತೂ ನನ್ನ ಪರ: “ಮೊನ್ನೆ ಮದುವೆಯಾದ ಹುಡುಗಿ ತಾತ್ಕಾಲಿಕ ಅಂತ ಬರೆದಿದ್ರೆ ನಾನೇ ಕಿವಿ ಹಿಂಡ್ತಿದ್ದೆ.”

ತಿದ್ದಲು ದಾರಿ ಇದೆಯಂತೆ. ಮೂವತ್ತು ದಿನದೊಳಗೆ, ಫಾರಂ ತುಂಬಿದವರೇ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಅದರ ಒಕ್ಕಣೆ ನಿಮ್ಮದೇ: ‘ಸದರಿ ದಿನಾಂಕದಂದು ಸಂಬಂಧವು ತಾತ್ಕಾಲಿಕವಾಗಿತ್ತೆಂದು ಪ್ರಮಾಣ ಮಾಡುತ್ತೇನೆ.’ ಸದರಿ ದಿನಾಂಕ ಯಾವುದು ಗೊತ್ತೇ? ನನ್ನ ಮದುವೆಯ ಮಾರನೇ ದಿನ!

“ಹಾಕ್ಬಿಡೇ, ಕಾಗದ ತಾನೇ,” ಎಂದ ಗಂಡ.

“ಹಾಕಲ್ಲ. ನಾಳೆ ಜಗಳ ಆದ್ರೆ ಇದನ್ನೇ ಫ್ರೇಮ್ ಹಾಕಿಸಿ ತೋರಿಸ್ತೀಯ.”

ಅವನು ನಕ್ಕ, ನಾನೂ ನಕ್ಕೆ. ಆದರೆ ಮೆಟ್ಟಿಲಿಳಿಯುವಾಗ ಮೊಣಕಾಲು ಹಿಡಿದುಕೊಂಡು ಇಳಿದ. ನನ್ನ ನಗು ಅಲ್ಲೇ ನಿಂತಿತು.

ಆದ್ದರಿಂದ ಮಾನ್ಯರೇ, ಅವನ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ. ಬಂದದ್ದು, ಹೋದದ್ದು, ಮತ್ತೆ ಬಂದದ್ದು ಅಲ್ಲಿ ಕಣ್ಣಿಗೆ ರಾಚುವಂತಿದೆ. ಅದರಂತೆ ವಾಸದ ದಿನಾಂಕ ಸರಿಪಡಿಸಿ, ನಿಧಿಯನ್ನು ಅವನ ಅರವತ್ತರವರೆಗೆ ಮುಟ್ಟದೆ ಬಿಡಿ. ಏಳನೇ ಕಾಲಮ್ಮಿಗೆ ‘ವಾಸ’ ಎಂದು ಹೆಸರಿಡಿ. ಮೂವತ್ತನೇ ದಿನಕ್ಕೂ ನಿಮಗೆ ಮನಸ್ಸು ಬಾರದಿದ್ದರೆ ನಾನೇ ಬರುತ್ತೇನೆ. ಅವನ ಮೊಣಕಾಲಿಗಾಗಿ ಆ ಹಾಳು ಕಾಗದಕ್ಕೆ ಸಹಿಯನ್ನೂ ಹಾಕುತ್ತೇನೆ. ಪಕ್ಕದಲ್ಲಿ ಹೃದಯ ಬಿಡಿಸುವುದನ್ನು ಮಾತ್ರ ತಡೆಯಬೇಡಿ.

ಇಂತಿ,
ನಿಮ್ಮ ಕಡತದಲ್ಲಿ ತಪ್ಪಾಗಿ, ನಮ್ಮ ಮನೆಯಲ್ಲಿ ಸರಿಯಾಗಿಯೇ ಟಿಕ್ ಹಾಕಿದ
ಲಿಫ್ಟ್ ಮೆಕ್ಯಾನಿಕ್ಕಿನ ಶಾಶ್ವತ ಹೆಂಡತಿ